ಶನಿವಾರದ ಹರವಿ

ನಮ್ಮೂರಿನಲ್ಲಿ ಶುಕ್ರವಾರ ಸಂಜೆಯಾದರೆ ಸಾಕು, ದೊಡ್ಡವರಿಗೆಲ್ಲ ಗಂಟಲು ಕೆರೆತ ಶುರುವಾಗುತ್ತದೆ. ಒಬ್ಬರು ಉಪ್ಪುನೀರು ಮುಕ್ಕಳಿಸುತ್ತಾರೆ, ಇನ್ನೊಬ್ಬರು ಶುಂಠಿ ಜಗಿಯುತ್ತಾರೆ, ಮತ್ತೊಬ್ಬರು ದೇವರ ಮುಂದೆ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚುತ್ತಾರೆ. ರೋಗ ಗಂಟಲಿನದಲ್ಲ, ಮರುದಿನದ್ದು. ಶನಿವಾರ ಬೆಳಗಿನ ಶಾಲೆ ಬಿಡುವ ಮುನ್ನ ನಾವು ಹರವಿಯ ಮುಚ್ಚಳ ತೆಗೆಯುತ್ತೇವೆ.

ಹರವಿ ಎಂದರೆ ಎಲ್ಲರ ಮನೆಯ ಬಚ್ಚಲಲ್ಲಿ ನೀರು ತುಂಬಿಡುತ್ತಾರಲ್ಲ, ಅದೇ ದೊಡ್ಡ ಮಣ್ಣಿನ ಮಡಕೆ. ನಮ್ಮ ಶಾಲೆಯ ಹರವಿಯಲ್ಲಿ ನೀರಿಲ್ಲ. ಹಿಂದಿನ ಕೋಣೆಯಲ್ಲಿ, ಹರಿದ ನಕಾಶೆಗಳ ಮಗ್ಗುಲಿಗೆ, ಮೂರು ಕಲ್ಲಿನ ಮೇಲೆ ಕುಳಿತಿದೆ. ಎಲ್ಲರಿಗೊಂದು ತನಗೊಂದು ಮಾಡಿದರು, ತನ್ನನ್ನು ಬೇರೆ ಮಾಡಿ ನೋಡಿದರು ಎಂದು ಯಾವ ಮಗುವಿಗಾದರೂ ಅನ್ನಿಸಿದರೆ ಆ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಹರವಿಯ ಬಾಯಿಗೆ ಬಾಯಿಟ್ಟು ಹೇಳಿ ಬರಬಹುದು. ಶನಿವಾರ ಮುಚ್ಚಳ ತೆಗೆದಾಗ ಮಗುವಿನ ಮಾತು ಹೊರಗೆ ಬರುವುದಿಲ್ಲ. ಮಗುವಿಗೆ ಯಾರು ಏನೆಂದಿದ್ದರೋ ಆ ಮಾತು, ಅಂದವರ ದನಿಯಲ್ಲೇ, ಇಡೀ ಶಾಲೆಗೆ ಕೇಳುವಂತೆ ಬರುತ್ತದೆ. ಹೇಳಿಕೊಂಡವರು ಯಾರೆಂದು ಹರವಿ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಅಂದವರು ಯಾರೆಂದು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಸಣ್ಣ ಊರು, ಎಲ್ಲರ ದನಿ ಎಲ್ಲರಿಗೂ ಗೊತ್ತು.

ಆ ಕೋಣೆಯನ್ನು ಬೆಳಿಗ್ಗೆ ತೆರೆದು ಸಂಜೆ ಕೀಲಿ ಹಾಕುವ ಕೆಲಸ ನನ್ನದು. ನಾನು ಕನ್ನಡ ಕಲಿಸುವವಳು, ಮಕ್ಕಳ ಬಾಯಲ್ಲಿ ಕಸ್ತೂರಿ ಅಕ್ಕೋರು. ಕೀಲಿ ನನಗೆ ಸಿಕ್ಕಿದ್ದು ನನ್ನ ಸಾಚಾತನಕ್ಕೆ ಅಂದುಕೊಳ್ಳಬೇಡಿ. ನನ್ನದು ಬೆಂಕಿಗೆ ಕಾಯಿಸದೆ ಬಾರಿಸಿದ ಹಲಗೆಯಂಥ ಒಡಕು ದನಿ, ಹರವಿ ಅದನ್ನು ಎಷ್ಟು ಸಲ ಉಗುಳಿದೆಯೆಂದರೆ ಒಂದನೇ ತರಗತಿಯ ಮಕ್ಕಳೂ ಮೊದಲ ಅಕ್ಷರಕ್ಕೇ “ಕಸ್ತೂರಿ ಅಕ್ಕೋರು!” ಎಂದು ಕೂಗುತ್ತಿದ್ದರು. ಮುಚ್ಚಿಟ್ಟುಕೊಳ್ಳುವುದಕ್ಕೆ ಇವಳ ಹತ್ತಿರ ಇನ್ನೇನೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ಹೆಡ್ ಮಾಸ್ತರರು ಕೀಲಿಯನ್ನು ನನ್ನ ಕೈಗೆ ಕೊಟ್ಟರು.

ಹರವಿಗೆ ದೊಡ್ಡ ಮಾತು, ಸಣ್ಣ ಮಾತು ಎಂಬ ಭೇದವಿಲ್ಲ. ಹಾಗಾಗಿ ಪ್ರತಿಯೊಬ್ಬರೂ ತಮ್ಮ ತಮ್ಮ ಉಪಾಯ ಹುಡುಕಿಕೊಂಡಿದ್ದಾರೆ. ಹೆಡ್ ಮಾಸ್ತರ ಗಿರಿಮಲ್ಲಪ್ಪನವರು ಸಿಂಬಳ ಸುರಿಸುವ ಕೂಸಿಗೂ ಬಹುವಚನ ಹಚ್ಚುತ್ತಾರೆ: “ತಾವು ಒಮ್ಮೆ ಮೂಗು ಒರಸ್ಕೋಬೇಕ್ರೀ.” ಗಣಿತದ ತಿಪ್ಪಣ್ಣ ಮಾಸ್ತರರಂತೂ ಮಾತನ್ನೇ ಬಿಟ್ಟರು. ಲೆಕ್ಕವನ್ನೂ ಬೈಗುಳವನ್ನೂ ಕರಿಹಲಗೆಯ ಮೇಲೆ ಬರೆದು ಒರೆಸಿಬಿಡುತ್ತಿದ್ದರು. ಒಂದು ಶನಿವಾರ ಹರವಿಯಿಂದ ಬರೀ ಸೀಮೆಸುಣ್ಣ ಕಿರ್ರೆನ್ನುವ ಸದ್ದು ಬಂತು. ಎಲ್ಲರ ಹಲ್ಲೂ ಜುಮ್ಮೆಂದಿತು, ಎಲ್ಲರ ಕಣ್ಣೂ ತಿಪ್ಪಣ್ಣ ಮಾಸ್ತರರ ಕಡೆ ಹೋಯಿತು. ಮಾರನೆಯ ವಾರದಿಂದ ಪಾಪ ಮತ್ತೆ ಮಾತಾಡತೊಡಗಿದರು.

ಹುಡುಗರೇನು ಕಡಿಮೆಯೇ? “ಹರವಿಗೆ ಹೇಳ್ತೀನಿ ನೋಡ್ರಿ ಮತ್ತ” ಎಂಬುದು ಅವರ ಬಾಯಲ್ಲಿ ಗೋಲಿಗುಂಡಿನಂತೆ ಉರುಳುತ್ತಿರುತ್ತದೆ. ಒಬ್ಬ ತುಂಟ ಮನೆಯ ಜಗಳವನ್ನೂ ತಂದು ಸುರಿದ. ಆ ಶನಿವಾರ ಅವನ ತಾಯಿಯ ದನಿ ಇಡೀ ಶಾಲೆಯ ಮುಂದೆ, “ಹಾಲಿನ ಕೆನಿ ನಿಮ್ಮಣ್ಣಗ ಇರ್ಲಿ, ಅಂವ ಓದಾಂವ ಅದಾನ” ಎಂದಿತು. ಆ ಹೆಂಗಸು ಬಹಳ ದಿನ ಬಾವಿಗೆ ನೀರಿಗೂ ಬರಲಿಲ್ಲ. ಇಷ್ಟೆಲ್ಲ ಚೇಷ್ಟೆಯ ನಡುವೆ ಹರವಿ ಮಾಡಿದ ಕೆಲಸವನ್ನೂ ಹೇಳಬೇಕು. ಮೊದಲು ನಮ್ಮಲ್ಲಿ ಮಧ್ಯಾಹ್ನದ ಊಟಕ್ಕೆ ಎರಡು ಸಾಲು ಇದ್ದವು. ಯಾಕೆ ಎರಡು ಎಂದು ಕೇಳಿದರೆ, ಜಾಗ ಸಾಲದು ಎನ್ನುತ್ತಿದ್ದರು. ಒಂದು ಶನಿವಾರ ಹರವಿ, ಬಡಿಸುವವಳ ದನಿಯಲ್ಲಿ, ಹಳ್ಳದಾಚೆಯ ಮಕ್ಕಳ ಸಾಲಿಗೆ ಅವಳು ದಿನಾ ಮೆಲ್ಲಗೆ ಅನ್ನುತ್ತಿದ್ದ ಮಾತನ್ನು ಗಟ್ಟಿಯಾಗಿ ಅಂದಿತು. ಸೋಮವಾರ ಅದೇ ಪಡಸಾಲೆಯಲ್ಲಿ ಒಂದೇ ಸಾಲಿಗೆ ಜಾಗ ಸಾಕಾಯಿತು.

ಹರವಿಯ ಬದ್ಧ ವೈರಿ ಶಾಲಾ ಸಮಿತಿಯ ಅಧ್ಯಕ್ಷ ಬಸಲಿಂಗಪ್ಪ. ಶೇಂಗಾ ಎಣ್ಣೆ ಗಿರಣಿಯ ಮಾಲೀಕ, ಕಿಸೆಯಲ್ಲಿ ಸದಾ ಶೇಂಗಾ ಉಂಡಿ, ಬಾಯಲ್ಲಿ ಸದಾ ಅದರ ಅರ್ಧ. ಹೋದ ವರ್ಷ ಒಂದು ಶನಿವಾರ ಅವನ ದನಿ ಹರವಿಯಿಂದ, “ನಮ್ಮ ಹುಡುಗನ ಬಾಜೂ ಹಳ್ಳದಾಚಿ ಮಂದೀನ ಕುಂದರಸಬ್ಯಾಡ್ರಿ, ಅಂವಗ ಕೆಮ್ಮು ಐತಿ” ಎಂದು ಬಂದಿತ್ತು. ಅವನ ಮಗನೋ ಗುಂಡುಕಲ್ಲು, ಹುಟ್ಟಿದಾಗಿನಿಂದ ಒಮ್ಮೆ ಸೀನಿದವನೂ ಅಲ್ಲ. ಊರಿಗೆ ಊರೇ ಬಸಲಿಂಗಪ್ಪನನ್ನು ಕಂಡಾಗಲೆಲ್ಲ ಕೆಮ್ಮತೊಡಗಿತು. ಅಂದಿನಿಂದ ಅವನು ಹರವಿಗೆ ಒಂದು ನೆಪಕ್ಕಾಗಿ ಕಾಯುತ್ತಿದ್ದ.

ಆ ನೆಪವನ್ನು ಹರವಿಯೇ ಕೈಯಾರೆ ಕೊಟ್ಟಿತು. ಒಂದು ಶನಿವಾರ ಎಂದಿನಂತೆ ಮಕ್ಕಳು, ಮಾಸ್ತರರು, ಕೆಲಸವಿಲ್ಲದ ಊರಿನವರು ಎಲ್ಲರೂ ಸೇರಿದ್ದರು. ನಾನು ಮುಚ್ಚಳ ತೆಗೆದೆ. ಹರವಿ ಒಂದೇ ಮಾತಾಡಿತು.

“ಒಂದೀಟು ಆಚಿ ಸರಿ.”

ಅಷ್ಟೇ. ಮಕ್ಕಳು ಕಿಸಕ್ಕೆಂದರು. ಇದೂ ಒಂದು ದೂರೇ? ಜಾಗವಿಲ್ಲದಾಗ ಯಾರಾದರೂ ಯಾರಿಗಾದರೂ ಹೇಳುವ ಮಾತು. ಆದರೆ ನಗು ಬೇಗ ನಿಂತಿತು, ಏಕೆಂದರೆ ದನಿ ಯಾರದೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ಹೀಗೆ ಹಿಂದೆಂದೂ ಆಗಿರಲಿಲ್ಲ. ಗಂಡಸಿನದೂ ಅಲ್ಲ, ಹೆಂಗಸಿನದೂ ಅಲ್ಲ. ಮುದುಕರದು ಅನ್ನೋಣವೆಂದರೆ ಕೂಸಿನ ಎಳಸೂ ಇತ್ತು. ಅಪರಿಚಿತ ಎನ್ನೋಣವೆಂದರೆ ದಿನಾ ಕೇಳುವ ದನಿಯಂತೆಯೂ ಇತ್ತು. ತುದಿಯಲ್ಲೊಂದು ಸಣ್ಣ ಒಡಕು, ಅದು ಮಣ್ಣಿನ ಬಿರುಕಿನದಿರಬೇಕು. ತಿಪ್ಪಣ್ಣ ಮಾಸ್ತರರು ಇದು ಡ್ರಿಲ್ ಮಾಸ್ತರರದೇ ಎಂದು ಆಣೆ ಮಾಡಿದರು. ಡ್ರಿಲ್ ಮಾಸ್ತರರು ತಿಪ್ಪಣ್ಣನದೇ ಎಂದರು. ಅತ್ತೆಯರಿಗೆ ಸೊಸೆಯರ ದನಿ ಕೇಳಿಸಿತು, ಸೊಸೆಯರಿಗೆ ಅತ್ತೆಯರದು. ನನಗೆ, ನಿಜ ಹೇಳುತ್ತೇನೆ, ಬಸಲಿಂಗಪ್ಪನದು ಕೇಳಿಸಿತು. ಯಾರಿಗೂ ತಮ್ಮದು ಮಾತ್ರ ಕೇಳಿಸಲಿಲ್ಲ.

ಮುಂದಿನ ಶನಿವಾರವೂ ಹರವಿ ಅದೇ ಮಾತನ್ನು ಅದೇ ದನಿಯಲ್ಲಿ ಆಡಿತು. ಈ ಸಲ ಇನ್ನಷ್ಟು ಗಟ್ಟಿಯಾಗಿ. ಅಂದೇ ಬಸಲಿಂಗಪ್ಪ ಸಮಿತಿಯ ಸಭೆ ಕರೆದ.

“ಹರವಿಗೆ ಅರಳು ಮರಳು ಆಗೇತ್ರಿ” ಎಂದು ಉಂಡಿ ಮುರಿಯುತ್ತ ಶುರು ಮಾಡಿದ. “ಊರಾಗ ಇಲ್ಲದ ದನಿ ಹುಟ್ಟಸಾಕ ಹತ್ತೇತಿ. ಇವತ್ತ ಇಲ್ಲದ ದನಿ, ನಾಳೆ ಇಲ್ಲದ ಮಾತು. ನಾಡದು ನಿಮ್ಮ ದನೀಲೆ ನೀವ ಅಂದಿರದ ಮಾತ ಹೇಳಿದ್ರ ಏನ್ ಮಾಡ್ತೀರಿ? ಒಡದ ಹಾಕೂನು.”

“ನೆಗಡಿ ಬಂತಂತ ಮೂಗ ಕೊಯ್ಕೊಂಡಿದ್ನಂತ” ಎಂದೆ ನಾನು.

“ಮೂಗು ಹಿಂಗ ದಿನಾ ಸೋರಿದ್ರ ಕೊಯ್ಕೋಬೇಕಾಗತೈತಿ ಅಕ್ಕೋರ.”

ತಿಪ್ಪಣ್ಣ ಮಾಸ್ತರರು ಮೆಲ್ಲಗೆ ಬಾಯಿ ಹಾಕಿದರು. “ಅಕ್ಕೋರ, ಅಧ್ಯಕ್ಷರನ್ನ ಬಿಡ್ರಿ, ನನ್ನ ಮಾತ ಕೇಳ್ರಿ. ಮೊದಲ ಹುಡುಗರು ಮುಂಜಾನೆ ಹೊಡದಾಡಿ ಸಂಜೀಕ ಕೂಡಿ ಗೋಲಿ ಆಡ್ತಿದ್ರು. ಈಗ ಶನಿವಾರದ ತನಕಾ ಮಾರಿ ತಿರುವಿಕೊಂಡ ಕುಂದರ್ತಾರ. ನನಗೂ ಒಂದ ಹುಡುಗನ ಬೆನ್ನ ಚಪ್ಪರಿಸಾಕ ಅಂಜಿಕಿ. ಬಾಜೂದವಂಗ ಯಾಕ ಚಪ್ಪರಿಸಲಿಲ್ಲಂತ ಹರವಿ ಕೇಳಿದ್ರ?”

ತಿಪ್ಪಣ್ಣ ಕೆಟ್ಟವರಲ್ಲ, ಅವರ ಅಂಜಿಕೆಯೂ ಸುಳ್ಳಲ್ಲ. ಆದರೆ ನನ್ನ ತಲೆಯಲ್ಲಿ ಬೇರೆಯೇ ಹುಳ ಕೊರೆಯುತ್ತಿತ್ತು. ಯಾವುದೋ ಒಂದು ಮಗು ಎರಡು ಸಲ ಆ ಕೋಣೆಗೆ ಹೋಗಿದೆ, ಹೇಳಿಕೊಂಡಿದೆ, ನಾವು ನಕ್ಕಿದ್ದೇವೆ. ಹರವಿಯನ್ನೂ ಒಡೆದರೆ ಆ ಮಗು ಇನ್ನೆಲ್ಲಿಗೆ ಹೋಗಬೇಕು? ಹಾಗೆಂದು ಸಭೆಯಲ್ಲಿ ಅಂದೆ. ಒಂದಿಷ್ಟು ಗುಜುಗುಜು ಆಯಿತು. ಕೊನೆಗೆ ತೀರ್ಮಾನವಾದದ್ದು ಹೀಗೆ: ಬರುವ ಶನಿವಾರದೊಳಗೆ ದನಿಯ ಒಡೆಯನನ್ನು ಹುಡುಕಬೇಕು. ಸಿಕ್ಕರೆ ಹರವಿ ಉಳಿಯುತ್ತದೆ. ಸಿಗದಿದ್ದರೆ ಡ್ರಿಲ್ ಮಾಸ್ತರರು ಒನಕೆ ತರುತ್ತಾರೆ.

ಹುಡುಕುವುದು ಹೇಗೆ? ಊರಿನ ಪ್ರತಿಯೊಬ್ಬರೂ ಸಮಿತಿಯ ಮುಂದೆ ಬಂದು ಆ ಮಾತನ್ನು ಒಮ್ಮೆ ಅನ್ನುವುದು. ಇದು ಬಸಲಿಂಗಪ್ಪನದೇ ಉಪಾಯ, ತಾನು ಪಾರಾಗುವುದನ್ನು ಎಲ್ಲರೂ ನೋಡಲಿ ಎಂದು. ಸೋಮವಾರದಿಂದ ಶಾಲೆಯ ಅಂಗಳ ಸಂತೆಯಾಯಿತು. ಜನ ಹಬ್ಬಕ್ಕೆ ಬರುವಂತೆ ತಲೆ ಬಾಚಿಕೊಂಡು ಬಂದರು. ನಾಟಕದಲ್ಲಿ ಭೀಮನ ಪಾತ್ರ ಹಾಕುವ ದರ್ಜಿ ತೊಡೆ ತಟ್ಟಿ, “ಒಂದೀಟೂ... ಆಚೀ... ಸರೀ!” ಎಂದು ಗರ್ಜಿಸಿದ. ಸಾಲದೆಂದು ಇನ್ನೊಮ್ಮೆ ಅವಕಾಶ ಕೇಳಿದ. ಹೂವು ಮಾರುವ ಮುದುಕಿಯೊಬ್ಬಳು ಏನೂ ತಟ್ಟಲಿಲ್ಲ, ಗರ್ಜಿಸಲೂ ಇಲ್ಲ, ಬುಟ್ಟಿ ಸೊಂಟಕ್ಕಿಟ್ಟುಕೊಂಡು ಸುಮ್ಮನೆ ಅಂದಳು. ಆ ಧಾಟಿಗೆ ಅಧ್ಯಕ್ಷನೇ ಕುರ್ಚಿಸಮೇತ ಸರಿದುಬಿಟ್ಟ. ಅಂಗಳ ನಗೆಯಲ್ಲಿ ಬಿದ್ದು ಹೊರಳಾಡಿತು. ಬಸಲಿಂಗಪ್ಪ ಬಾಯಿ ತೊಳೆದುಕೊಂಡು ಬಂದು ಅಂದ, ಹೊಂದಲಿಲ್ಲ. ಹೆಡ್ ಮಾಸ್ತರರು “ತಾವು ಒಂದೀಟು ಆಚಿ ಸರೀಬೇಕ್ರೀ” ಎಂದರು, ತಾವು ಬಿಟ್ಟು ಹೇಳಿರಿ ಎಂದು ಮೂರು ಸಲ ತಿದ್ದಬೇಕಾಯಿತು, ಹೊಂದಲಿಲ್ಲ. ನಾನೂ ಅಂದೆ. “ಇದು ಬ್ಯಾಡ್ರಿ, ಇದು ಎಲ್ಲಾರಿಗೂ ಗೊತ್ತಿರೂ ಹರಕ ಹಲಗಿ” ಎಂದು ಸಮಿತಿ ನನ್ನನ್ನು ಅರ್ಧದಲ್ಲೇ ಬಿಟ್ಟಿತು.

ಒಂದು ಸಂಗತಿ ಮಾತ್ರ ನನಗೆ ವಿಚಿತ್ರವೆನಿಸಿತು. ಪದ್ಯ ಹೇಳು ಎಂದರೆ ತಡವರಿಸುವ ಮಕ್ಕಳು, ತಮ್ಮ ಹೆಸರು ಹೇಳಲು ನಾಚುವ ಹೆಂಗಸರು, ಈ ಮಾತನ್ನು ಮಾತ್ರ ಒಬ್ಬರೂ ತಪ್ಪಲಿಲ್ಲ. ಎಲ್ಲರಿಗೂ ಬಾಯಿಪಾಠ.

ಒಬ್ಬಳನ್ನು ಬಿಟ್ಟು. ಗುರುವಾರ ಆರನೇ ತರಗತಿಯ ಸರದಿ ಬಂದಾಗ ಕೊನೆಯಲ್ಲಿ ಹುಲಿಗೆವ್ವ ಬಂದು ನಿಂತಳು. ಹಳ್ಳದಾಚೆಯ ಹುಡುಗಿ. ಅವಳ ತಾಯಿ ಫಕೀರವ್ವ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವವಳು. ಚಳಿಗಾಲದಲ್ಲಿ ನಮ್ಮೂರಿನ ಯಾರ ಮನೆಯಲ್ಲಿ ಹೊಕ್ಕರೂ ಅವಳ ಕೈಯ ಕೌದಿಯೊಳಗೇ ಜನ ಮಲಗಿರುತ್ತಾರೆ. ಹುಲಿಗೆವ್ವ ನನ್ನ ತರಗತಿಯಲ್ಲಿ ಬಾಗಿಲ ಹತ್ತಿರ ಕೂರುತ್ತಾಳೆ. ಗಾಳಿ ಬರುತ್ತದೆಂದು ಇರಬೇಕು ಎಂದು ನಾನು ಎಣಿಸಿದ್ದೆ.

“ಅನ್ನವಾ” ಎಂದ ಬಸಲಿಂಗಪ್ಪ.

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಲಂಗದ ಅಂಚು ಹಿಡಿದುಕೊಂಡಳು. “ನನಗ ಅದು ಅನ್ನಾಕ ಬರಂಗಿಲ್ರೀ.”

“ಅದರಾಗೇನೈತಿ? ಒಂದೀಟು. ಆಚಿ. ಸರಿ.”

“ನಾ ಯಾರಿಗೂ ಅಂದಿಲ್ರೀ. ಹೆಂಗ ಅನ್ನೂದಂತ ಗೊತ್ತಿಲ್ರೀ.”

ಸಮಿತಿ ಗೊಳ್ಳೆಂದು ನಕ್ಕಿತು, ಹೋಗು ಹೋಗು ಎಂದು ಕೈ ಬೀಸಿತು. ನಾನು ಮಾತ್ರ ನಗಲಿಲ್ಲ. ಯಾರಿಗೂ ಅಂದಿಲ್ಲವೆಂದರೆ ಇವಳು ಬರೀ ಅನ್ನಿಸಿಕೊಂಡವಳು. ಆ ಕೋಣೆಗೆ ಎರಡು ಸಲ ಹೋದ ಮಗು ಇದೇ.

ಹರವಿಗೆ ಹೇಳಿಕೊಂಡವರು ಯಾರೆಂದು ಕೀಲಿ ಹಿಡಿದವಳು ಕೇಳಬಾರದು. ಅದು ನಮ್ಮ ಶಾಲೆಯ ಕಟ್ಟಳೆ. ಸಂಜೆ ನಾನು ಕಟ್ಟಳೆಯನ್ನು ಸೆರಗಿಗೆ ಕಟ್ಟಿಕೊಂಡು ಹಳ್ಳ ದಾಟಿದೆ. ಫಕೀರವ್ವ ಗುಡಿಸಲ ಮುಂದೆ ಕೌದಿ ಹರವಿಕೊಂಡು ಕುಳಿತಿದ್ದಳು. ಮಗಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ನನ್ನನ್ನು ಕಂಡದ್ದೇ ತಾಯಿ ಎದ್ದು ಕೌದಿಯ ಒಂದು ಮಗ್ಗುಲನ್ನು ಜಾಡಿಸಿ ನನಗೆ ಜಾಗ ಮಾಡಿದಳು.

“ಅಕ್ಕೋರ, ಹರವಿ ಒಡೀತಾರಂತಲ್ರೀ?”

“ನಾ ಬಿಡಂಗಿಲ್ಲ ಫಕೀರವ್ವ.”

“ಒಡದ್ರ ಇಕೀನ ಸಾಲಿ ಬಿಡಸ್ತೀನ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ದಿನಾ ಸಂಜೀಕ ಮಾರಿ ಸಣ್ಣದ ಮಾಡ್ಕೊಂಡ ಬರ್ತಿತ್ತು ಕೂಸು. ಹರವಿಗೆ ಹೇಳಿ ಬಂದ ದಿನ ಎರಡ ರೊಟ್ಟಿ ಹೆಚ್ಚಿಗಿ ತಿಂದತ್ರಿ. ಹೇಳ್ಕೊಳ್ಳಾಕ ಅದೊಂದ ಬಾಯಿ ಇತ್ತು ಅಕಿಗೆ. ಅದೂ ಇಲ್ಲಂದ್ರ ನನ್ನ ಜೋಡಿ ಕೌದಿ ಹೊಲೀಲಿ. ಇಲ್ಲಿ ಕುಂದ್ರಾಕರ ಜಾಗ ಐತಿ.”

ಜಾಣ ಹುಡುಗಿ, ನನ್ನ ಪಾಠದಲ್ಲಿ ನಾನು ತಪ್ಪಿದರೆ ತಿದ್ದುವವಳು, ಇಂಥವಳು ಶಾಲೆ ಬಿಡುವುದೆಂದರೆ ಏನು? ಅವಳ ಕೈ ಹಿಡಿದು ಕೇಳಿದೆ: “ಯಾರು ಅಂದ್ರವಾ? ನನಗಷ್ಟ ಹೇಳು.”

ಅವಳು ನನ್ನ ಮುಖವನ್ನೇ ನೋಡಿದಳು. “ಯಾರಂತ ಹೇಳ್ಲಿ ಅಕ್ಕೋರ?”

ನಾನು ಎಂಥ ಜಾಣೆ ನೋಡಿ. ಹುಡುಗಿ ಯಾರೋ ದೊಡ್ಡವರಿಗೆ ಹೆದರುತ್ತಿದ್ದಾಳೆ ಎಂದು ಅರ್ಥ ಮಾಡಿಕೊಂಡೆ. ಊರಲ್ಲಿ ದೊಡ್ಡವರೆಂದರೆ ಇನ್ನಾರು? ಹಳ್ಳ ದಾಟುವ ಹೊತ್ತಿಗೆ ನನಗೆ ಎಲ್ಲವೂ ಹೊಳೆದುಬಿಟ್ಟಿತು. ಬಸಲಿಂಗಪ್ಪ ಪರೀಕ್ಷೆಗೆ ಬಂದಾಗ ಬಾಯಿ ತೊಳೆದುಕೊಂಡಿದ್ದ! ಅವನ ನಿಜವಾದ ದನಿ ಉಂಡಿ ತುಂಬಿದ ಬಾಯಿಯದು. ಕಳ್ಳ ಸಿಕ್ಕ ಎಂದು ದಾರಿಯುದ್ದಕ್ಕೂ ಒಬ್ಬಳೇ ನಕ್ಕೆ. ಶುಕ್ರವಾರ ಶೇಂಗಾ ಹುರಿದು, ಬೆಲ್ಲ ಸ್ವಲ್ಪ ಹೆಚ್ಚಿಗೆ ಹಾಕಿ, ಮುಷ್ಟಿ ಗಾತ್ರದ ಉಂಡಿ ಕಟ್ಟಿದೆ. ಹುಲಿಗೆವ್ವನಿಗೆ, “ಶನಿವಾರ ತಪ್ಪಸಬ್ಯಾಡ, ಬಾ. ದನಿ ಯಾರದಂತ ಊರಿಗೆ ತೋರಸ್ತೀನಿ” ಎಂದು ಹೇಳಿ ಕಳಿಸಿದೆ.

ಶನಿವಾರ ಶಾಲೆಯ ಪಡಸಾಲೆಯಲ್ಲಿ ಸೂಜಿ ಬೀಳಲೂ ಜಾಗವಿರಲಿಲ್ಲ. ಜಮಖಾನೆಗಳ ಮೇಲೆ ಮಕ್ಕಳು, ಅವರ ಹಿಂದೆ ಹೆಂಗಸರು, ಗೋಡೆಗೆ ಗಂಡಸರು, ಕಿಟಕಿಯಲ್ಲಿ ಇಣುಕುವವರು. ಹರವಿಯನ್ನು ಹೊತ್ತು ತಂದು ಮುಂದೆ ಮೇಜಿನ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ಒನಕೆ ಹಿಡಿದ ಡ್ರಿಲ್ ಮಾಸ್ತರರು, ಮದುವೆಯಲ್ಲಿ ಫೋಟೋಕ್ಕೆ ನಿಂತವರಂತೆ ನೆಟ್ಟಗೆ ನಿಂತಿದ್ದರು. ನಾನು ಬಾಗಿಲ ಕಡೆ ಕತ್ತು ಚಾಚಿ ನೋಡಿದೆ. ಹುಲಿಗೆವ್ವ ಇನ್ನೂ ಬಂದಿರಲಿಲ್ಲ.

“ದನಿ ಸಿಕ್ತೇನ್ರಿ ಅಕ್ಕೋರ?” ಎಂದ ಬಸಲಿಂಗಪ್ಪ, ಮೀಸೆಯಡಿ ನಗುತ್ತ.

“ಸಿಕ್ಕೇತಿ. ಅದಕ್ಕ ಮೊದಲ ಬಾಯಿ ಸಿಹಿ ಮಾಡ್ರಿ ಅಧ್ಯಕ್ಷರ” ಎಂದು ಉಂಡಿ ಮುಂದಿಟ್ಟೆ.

ಉಂಡಿ ಕಂಡರೆ ಅವನು ಹಗೆಯನ್ನೂ ಮರೆಯುತ್ತಾನೆ. ಇಡಿಯಾಗಿ ಬಾಯಿಗೆ ಹಾಕಿಕೊಂಡ. ಕೆನ್ನೆಗಳು ಉಬ್ಬಿದವು. “ಈಗ ಅನ್ರಿ ಆ ಮಾತ” ಎಂದೆ. ಅವನಿಗೆ ನನ್ನ ಉಪಾಯ ತಿಳಿಯಿತು, ಸಿಟ್ಟೂ ಬಂತು, ಉಗುಳುವಂತಿಲ್ಲ, ನುಂಗಲು ಆಗುತ್ತಿಲ್ಲ. ಹಾಗೇ ಅಂದ. “ಒಂಜೀಜು ಆಜಿ ಜಜಿ.” ಮುಂದಿನ ಸಾಲಿನ ಮಕ್ಕಳ ತಲೆಯ ಮೇಲೆ ಶೇಂಗಾಪುಡಿ ಉದುರಿತು.

ಅದು ಆ ದನಿಯ ಹತ್ತಿರ ಹತ್ತಿರಕ್ಕೂ ಸುಳಿಯಲಿಲ್ಲ. ಜನ ನಕ್ಕರು, ಅವನನ್ನಲ್ಲ, ನನ್ನನ್ನು. ಕಿವಿ ಬಿಸಿಯಾಗಿ ನಾನು ನೆಲ ನೋಡಿದೆ. ಬಸಲಿಂಗಪ್ಪ ಕಷ್ಟಪಟ್ಟು ನುಂಗಿ, ನೀರು ಕುಡಿದು, “ಆತಿಲ್ರೀ ಅಕ್ಕೋರ? ಉಂಡಿ ಚಲೋ ಆಗ್ಯಾವ. ಮಾಸ್ತರ್ರ, ಒನಕಿ ಎತ್ರಿ” ಎಂದ. ಡ್ರಿಲ್ ಮಾಸ್ತರರು ಒನಕೆಯನ್ನು ತಲೆಯ ಮೇಲಕ್ಕೆ ಎತ್ತಿದರು.

ಆಗ ಬಾಗಿಲಲ್ಲಿ ಹುಲಿಗೆವ್ವ ಕಂಡಳು. ಎದೆಗೆ ಪಾಟೀಚೀಲ ಅವುಚಿಕೊಂಡು, ಹೊಸ್ತಿಲ ಮೇಲೆ ನಿಂತು, ಹರವಿಯನ್ನೂ ಎತ್ತಿದ ಒನಕೆಯನ್ನೂ ನೋಡಿದಳು. ಅವಳ ಹಿಂದೆ ಅಂಗಳದಲ್ಲಿ ಫಕೀರವ್ವ, ಮಗಳನ್ನು ಕರೆದುಕೊಂಡು ಹೋಗಲೆಂದೇ ಬಂದವಳ ಹಾಗೆ ನಿಂತಿದ್ದಳು. ನಾನು ತಡೆಯಲಾರದೆ ಕೂಗಿದೆ: “ಬಾ ಹುಲಿಗೆವ್ವ, ಒಳಗ ಬಾ, ಕುಂದ್ರು ಬಾ.”

ಹುಡುಗಿ ಒಂದು ಕಾಲು ಒಳಗಿಟ್ಟಳು. ಜಮಖಾನೆಯ ಅಂಚಿನಲ್ಲಿ ಒಂದು ಗೇಣು ಜಾಗ ಕಾಣುತ್ತಿತ್ತು. ಅಲ್ಲಿ ಕೂರಲೆಂದು ಬಗ್ಗಿದಳು.

“ಒಂದೀಟು ಆಚಿ ಸರಿ.”

ಯಾರೂ ಒಂದು ಎರಡು ಮೂರು ಎಂದಿರಲಿಲ್ಲ. ಪಕ್ಕದ ಹುಡುಗಿ, ಅವಳ ಹಿಂದಿನ ಹೆಂಗಸು, ಗೋಡೆಯ ಗಂಡಸರು, ಕಿಟಕಿಯವರು, ಮಾಸ್ತರರು, ಸಮಿತಿ, ಎಲ್ಲರ ಬಾಯಿಂದಲೂ ಒಂದೇ ಗಳಿಗೆಗೆ ಅದು ಜಾರಿ ಬಂತು. ಸಿಟ್ಟಿನಿಂದಲ್ಲ. ನೊಣ ಓಡಿಸಿದ ಹಾಗೆ, ಗಮನವೇ ಇಲ್ಲದೆ. ಗಂಡಸಿನದೂ ಅಲ್ಲ, ಹೆಂಗಸಿನದೂ ಅಲ್ಲ, ಮುದುಕರದೂ ಅಲ್ಲ, ಕೂಸಿನದೂ ಅಲ್ಲ. ಎಲ್ಲ ಕೂಡಿ ಒಂದೇ ದನಿ.

ಒನಕೆ ಎತ್ತಿದ್ದು ಎತ್ತಿದಂತೆಯೇ ಇತ್ತು. ಮುಂದಿನ ಸಾಲಿನಲ್ಲಿ ತಲೆಯ ಮೇಲಿನ ಶೇಂಗಾಪುಡಿ ಝಾಡಿಸಿಕೊ‌ಳ್ಳುತ್ತಿದ್ದ ಒಂದನೇ ತರಗತಿಯ ಕೂಸೊಂದು ಕುಣಿದೆದ್ದು, “ಅಕ್ಕೋರ, ಇದು ಹರವ್ಯಾಗಿನ ದನಿ!” ಎಂದು ಚಪ್ಪಾಳೆ ತಟ್ಟಿತು. ಬೇರೆ ಯಾರೂ ತಟ್ಟಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಒಬ್ಬ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಅಂದು ಇಡೀ ಊರು ಹೆಗಲು ಮುಟ್ಟಿಕೊಂಡಿತು.

ನಾನು ಬಾಯಿ ಮುಚ್ಚಲು ಹೋದೆ. ಆಗಲೇ ಗೊತ್ತಾದದ್ದು, ನನ್ನ ಬಾಯಿಯೂ ತೆರೆದಿತ್ತು. ಬಾ ಎಂದು ಕರೆದವಳೂ ನಾನೇ, ಅವಳು ಬಗ್ಗಿದಾಗ ಗಮನವೇ ಇಲ್ಲದೆ ಆಚಿ ಸರಿ ಅಂದವಳೂ ನಾನೇ. ಹರವಿಯ ದನಿಯ ತುದಿಯಲ್ಲಿ ಒಂದು ಒಡಕು ಇತ್ತಲ್ಲ, ಅದು ಮಣ್ಣಿನ ಬಿರುಕೆಂದು ನಾನು ತಿಳಿದಿದ್ದೆ. ನಾಚಿಕೆಯಿಂದ ನನ್ನ ಕಣ್ಣಲ್ಲಿ ನೀರು ಬಂತು. ಯಾರಂತ ಹೇಳ್ಲಿ ಅಕ್ಕೋರ ಎಂದು ಹುಡುಗಿ ಕೇಳಿದ್ದು ಹೆದರಿಕೆಯಿಂದಲ್ಲ, ನಿಜವಾಗಿಯೂ ಲೆಕ್ಕ ಸಿಗದೆ.

ಮುಂದೆ ಆದದ್ದನ್ನು ಹೇಳಿದರೆ ನೀವು ನಗುತ್ತೀರಿ. ಊರಿಗೆ ತನ್ನ ತಪ್ಪು ತಿಳಿದದ್ದೇ ತಡ, ಎಲ್ಲರೂ ಒಮ್ಮೆಲೇ ಹುಲಿಗೆವ್ವನಿಗೆ ಜಾಗ ಬಿಡಲು ಹಿಂದಕ್ಕೆ ಸರಿದರು. ಒಬ್ಬರ ಮೇಲೊಬ್ಬರು ಬಿದ್ದು, ಮಕ್ಕಳನ್ನು ಎಳೆದುಕೊಂಡು, ಹೆಂಗಸರು ಗೋಡೆಗೆ, ಗಂಡಸರು ಕಿಟಕಿಗೆ. ಬಸಲಿಂಗಪ್ಪ ಎಲ್ಲರಿಗಿಂತ ಹೆಚ್ಚು ಸರಿದು ಮೂಲೆಯ ಕಪಾಟಿನ ಸಂದಿಯಲ್ಲಿ ಸಿಕ್ಕಿಕೊಂಡ. ಗಳಿಗೆಯಲ್ಲಿ ಪಡಸಾಲೆಯ ನಡುವೆ ಕುಸ್ತಿಯ ಅಖಾಡದಷ್ಟು ಜಾಗ ಖಾಲಿಯಾಯಿತು. ಅದರ ನಟ್ಟನಡುವೆ, ಬರಿದಾದ ಜಮಖಾನೆಯ ಮೇಲೆ, ಹುಡುಗಿ ಒಬ್ಬಳೇ ನಿಂತಿದ್ದಳು. ಮೊದಲು ಅವಳಿಗೆ ಒಂದು ಬದಿಗಾದರೂ ಜನ ಇರುತ್ತಿದ್ದರು. ಈಗ ಯಾವ ಬದಿಗೂ ಇರಲಿಲ್ಲ.

ಅವಳು ಸುತ್ತ ನೋಡಿದಳು. ಬಾಗಿಲಲ್ಲಿದ್ದ ತಾಯಿಯನ್ನು ನೋಡಿದಳು. ಅಳುತ್ತಾಳೆ ಅಂದುಕೊಂಡೆ. ಅವಳ ತುಟಿ ಅದುರಿದ್ದು ನಗು ತಡೆದುಕೊಳ್ಳಲು. ಪಾಟೀಚೀಲ ಕೆಳಗಿಟ್ಟು, ಚಕ್ಕಳಬಕ್ಕಳ ಹಾಕಿ ಕುಳಿತು, ಒಮ್ಮೆ ಗಂಟಲು ಸರಿಮಾಡಿಕೊಂಡಳು. ಆ ಮಾತು ಅವಳಿಗೆ ಬರುತ್ತಿರಲಿಲ್ಲ, ಹಾಗಾಗಿ ಮೊದಲು ತೊದಲಿದಳು. ಆಮೇಲೆ ಬಂತು.

“ಇಷ್ಟ ದೂರ ಯಾಕ್ರೀ ಎಲ್ಲಾರೂ? ಒಂದೀಟು ಈಚಿ ಸರೀರಿ.”

ಮೊದಲು ಸರಿದು ಬಂದದ್ದು ಶೇಂಗಾಪುಡಿಯ ಕೂಸು. ಆಮೇಲೆ ಆರನೇ ತರಗತಿಯ ಹುಡುಗಿಯರು. ಆಮೇಲೆ ನಾನು, ಮೊಣಕಾಲು ಕಟಕಟ ಎಂದರೂ ನೆಲಕ್ಕೆ ಕುಳಿತು, ತೆವಳಿಕೊಂಡೇ. ಉಳಿದವರು ಒಬ್ಬೊಬ್ಬರಾಗಿ ಬಂದರು, ಕೆಲವರು ಮನಸ್ಸಿನಿಂದ, ಕೆಲವರು ಪಕ್ಕದವರು ನೋಡುತ್ತಾರೆಂದು. ಹುಲಿಗೆವ್ವ ತಾಯಿಗೂ ಒಂದು ಜಾಗ ಹಿಡಿದಿದ್ದಳು. ಫಕೀರವ್ವ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಯೋಚಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದಳು. ಎಲ್ಲರಿಗಿಂತ ಕೊನೆಗೆ ಕಪಾಟಿನ ಸಂದಿಯಿಂದ ಬಸಲಿಂಗಪ್ಪನನ್ನು ಎಳೆದು ತರಬೇಕಾಯಿತು. ತುಂಬಿದ ಪಡಸಾಲೆಯಲ್ಲಿ ಅವನಿಗೆ ಉಳಿದ ಜಾಗ ಫಕೀರವ್ವನ ಪಕ್ಕದ್ದೇ. ಕೂತ, ಮೊಣಕಾಲು ಮುದುರಿಕೊಂಡು. ಒನಕೆ ಯಾವಾಗ ಕೆಳಗಿಳಿಯಿತೋ ಯಾರೂ ನೋಡಲಿಲ್ಲ.

ಹುಲಿಗೆವ್ವ ಶಾಲೆ ಬಿಡಲಿಲ್ಲ. ಹರವಿ ತನ್ನ ಮೂರು ಕಲ್ಲಿನ ಮೇಲೆ ವಾಪಸ್ಸು ಹೋಯಿತು. ಊರು ಒಂದೇ ವಾರದಲ್ಲಿ ಬಂಗಾರವಾಯಿತು ಎಂದು ನಾನು ಹೇಳುವುದಿಲ್ಲ. ತಿಪ್ಪಣ್ಣ ಮಾಸ್ತರರಿಗೆ ಬೆನ್ನು ಚಪ್ಪರಿಸುವ ಅಂಜಿಕೆ ಇನ್ನೂ ಇದೆ. ಆದ್ದರಿಂದ ಚಪ್ಪರಿಸಬೇಕೆನಿಸಿದಾಗ ಇಡೀ ತರಗತಿಯನ್ನು ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಒಂದೊಂದು ಕೊಡುತ್ತಾರೆ, ಅರ್ಧ ಪಾಠ ಅದರಲ್ಲೇ ಹೋಗುತ್ತದೆ.

ಮುಂದಿನ ಶನಿವಾರ ಎಂದಿನಂತೆ ಎಲ್ಲರೂ ಗಂಟಲು ಕೆರೆದುಕೊಂಡು ಸೇರಿದರು. ನಾನು ಮುಚ್ಚಳ ತೆಗೆದೆ. ಹರವಿ ಸ್ವಲ್ಪ ತಡೆದು, ಹನ್ನೊಂದು ವರ್ಷದ ಹುಡುಗಿಯ ಗಟ್ಟಿ ದನಿಯಲ್ಲಿ, ಒಂಚೂರೂ ತೊದಲದೆ ಅಂದಿತು.

“ಒಂದೀಟು ಈಚಿ ಸರೀರಿ.”

ಮೊದಲು ನಕ್ಕವಳು ಹುಲಿಗೆವ್ವ. ಆಮೇಲೆ ಶಾಲೆಗೆ ಶಾಲೆಯೇ ನಕ್ಕಿತು. ಹಿಂದಿನ ಕೋಣೆಗೆ ಹೋಗಿ ಇದನ್ನು ದೂರು ಕೊಟ್ಟು ಬಂದವರು ಯಾರೆಂದು ನಾನು ಕೇಳುವಂತಿಲ್ಲ, ನಮ್ಮ ಕಟ್ಟಳೆ. ಹರವಿಯಂತೂ ಹೇಳುವುದಿಲ್ಲ. ಹರವಿಯ ಬಾಯಂಚಿನಲ್ಲಿ ಹೊಸದಾಗಿ ಮೆತ್ತಿದ್ದ ಶೇಂಗಾ ಉಂಡಿಯ ಪುಡಿಯನ್ನು ನಾನು ಒದ್ದೆ ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಿದೆ.